ಅಲ್ಲಿ ಯಾರೂ ಇರ್ನಿಲ್ಲ

ಹನೂರು ಕಡೆಯವನು ಎಂದು ಹೇಳಿಕೊಂಡರೆ ಮೈಸೂರಿನ ಹಾಸ್ಟೆಲಿನಲ್ಲಿ ಮೊದಲು ಕೇಳುತ್ತಿದ್ದುದು ವೀರಪ್ಪನ್ ಕಥೆ. ಕೊಳ್ಳೇಗಾಲ ಅಂದರೆ ಮಾಟ ಮಂತ್ರ, ನಿಂಬೆಹಣ್ಣು. ಯಳಂದೂರು ಅಂದರೆ ‘ಅದೆಲ್ಲಿ ಬರುತ್ತೆ ಗುರು?’ ಸಂಚಿ ಹೊನ್ನಮ್ಮನ ಊರು, ನಾಟಕಕಾರ ಸಂಸರು ಹುಟ್ಟಿದ ಅಗರವೂ ಆ ತಾಲ್ಲೂಕಿನದೇ ಎಂದು ವಿವರಿಸಿದರೆ ಕನ್ನಡ ಎಂ.ಎ. ಹುಡುಗರು ಮಾತ್ರ ತಲೆಯಾಡಿಸುತ್ತಿದ್ದರು. ಇದು ನನಗೆ ಅಭ್ಯಾಸವಾಗಿ ಹೋಗಿದೆ. ನಮ್ಮ ಸೀಮೆಯನ್ನು ಕಂಡಿಲ್ಲದವರಿಗೆ ಅದು ಸಿನಿಮಾ ಮತ್ತು ಪೇಪರುಗಳು ಕಟ್ಟಿಕೊಟ್ಟ ಊರು. ಬೇಜಾರು ಮಾಡಿಕೊಳ್ಳುವ ಹಕ್ಕೂ ನನಗಿಲ್ಲ, ಏಕೆಂದರೆ ನಾನು ಪಿಎಚ್.ಡಿ. ಮಾಡುತ್ತಿರುವುದು ನಾನು ಕಾಣದ ಇನ್ನೊಂದು ಊರಿನ ಮೇಲೆ. ನನ್ನ ಹತ್ತಿರ ಪಾಸ್‌ಪೋರ್ಟ್ ಕೂಡ ಇಲ್ಲ. ನಾನು ಬಲ್ಲ ಅಮೆರಿಕ ಪೂರ್ತಿ ಪುಸ್ತಕ ಮತ್ತು ಸಿನಿಮಾದ್ದು.

ಕನ್ನಡದಲ್ಲಿ ಅಮೆರಿಕದ ಮಾತು ಬಂದರೆ ಅದು ಬಹುಪಾಲು ಒಂದೇ ಜಾಡು ಹಿಡಿಯುತ್ತದೆ. ಗೊರೂರರ ‘ಅಮೆರಿಕದಲ್ಲಿ ಗೊರೂರು’ ಹಳ್ಳಿಯ ಹಿರಿಯರೊಬ್ಬರು ಬೆರಗಿನಿಂದ ನೋಡಿ ಬಂದ ಪ್ರವಾಸ. ನಾಗತಿಹಳ್ಳಿ ಚಂದ್ರಶೇಖರರ 1997ರ ‘ಅಮೆರಿಕಾ ಅಮೆರಿಕಾ’ ಡಾಲರಿಗೂ ತಾಯ್ನೆಲಕ್ಕೂ ನಡುವಿನ ಜಗ್ಗಾಟ. ಹೋಗಬೇಕೋ ಇಲ್ಲೇ ಇರಬೇಕೋ ಎಂಬುದು ಹೋಗಬಲ್ಲವರ ಪ್ರಶ್ನೆ. ನಮ್ಮ ಮನೆಯಲ್ಲಿ ಆ ಪ್ರಶ್ನೆ ಎದ್ದೇ ಇಲ್ಲ. ನನ್ನನ್ನು ಹಿಡಿದದ್ದು ಬೇರೆ. ಆ ದೇಶ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಒಂದು ಕಥೆಯಿದೆ: ಒಬ್ಬ ಬಡವ, ಅವನ ಎದುರಿಗೆ ಬಯಲು, ಕೈಯಲ್ಲಿ ಕೊಡಲಿ. ಯಾರ ಹಂಗೂ ಇಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ದುಡಿದಷ್ಟು ನೆಲ ನಿನ್ನದು, ಹುಟ್ಟಿದ ಮನೆತನ ಯಾವುದಾದರೂ ಸರಿ. ಮೊದಲ ಸಲ ಇದನ್ನು ಓದಿದಾಗ ನನ್ನ ಎದೆ ಹಗುರಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಈಗಲೂ ಪೂರ್ತಿ ಭಾರವಾಗಿಲ್ಲ.

ಎರಡು ವರ್ಷದ ಹಿಂದೆ ಲೈಬ್ರರಿಯಲ್ಲಿ ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಲಿಟ್ಲ್ ಹೌಸ್ ಆನ್ ದ ಪ್ರೈರಿ’ ಓದುತ್ತಿದ್ದೆ. 1935ರ ಮಕ್ಕಳ ಪುಸ್ತಕ. ಗಂಡ, ಹೆಂಡತಿ, ಹೆಣ್ಣುಮಕ್ಕಳು ಕಮಾನು ಗಾಡಿ ಕಟ್ಟಿಕೊಂಡು ಕಾನ್ಸಾಸಿನ ಹುಲ್ಲುಗಾವಲಿಗೆ ಹೋಗುತ್ತಾರೆ. ಮರ ಕಡಿದು ಮನೆ ಕಟ್ಟುತ್ತಾರೆ, ಬಾವಿ ತೋಡುತ್ತಾರೆ, ಜ್ವರ ಬಿದ್ದು ಏಳುತ್ತಾರೆ. ಓದುತ್ತ ಓದುತ್ತ ಆ ಮನೆಯವರ ಮೇಲೆ ಪ್ರೀತಿ ಹುಟ್ಟುತ್ತದೆ. ಈ ಪುಸ್ತಕದ ಹಳೆಯ ಮುದ್ರಣಗಳಲ್ಲಿ, ಆರಂಭದಲ್ಲೇ, ಆ ನಾಡಿನಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬರ್ಥದ ಮಾತೊಂದಿತ್ತು. ಹದಿನೇಳು ವರ್ಷ ಅದು ಹಾಗೆಯೇ ಅಚ್ಚಾಗುತ್ತ ಬಂತು. 1952ರಲ್ಲಿ ಓದುಗರೊಬ್ಬರು ಪ್ರಕಾಶಕರಿಗೆ ಕಾಗದ ಬರೆದು ಇದೇನು ಎಂದು ಕೇಳಿದರು. ಮರುವರ್ಷದ ಮುದ್ರಣದಲ್ಲಿ ‘ಜನ’ ಎಂಬ ಪದದ ಜಾಗಕ್ಕೆ ‘ನೆಲೆಸಲು ಬಂದವರು’ ಎಂಬರ್ಥದ ಪದ ಬಂತು. ಲೇಖಕಿ ತಮ್ಮಿಂದ ತಪ್ಪಾಯಿತು, ಹಾಗೆ ಹೇಳುವ ಉದ್ದೇಶವಿರಲಿಲ್ಲ ಎಂದರು. ನಾನು ಅವರನ್ನು ನಂಬುತ್ತೇನೆ. ಉದ್ದೇಶ ಇರಲಿಲ್ಲ ಎಂಬುದೇ ನನ್ನನ್ನು ಕಾಡಿದ್ದು.

ಏಕೆಂದರೆ ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ಇಂಗ್ಲಿಷಿನಲ್ಲಲ್ಲ.

ನಮ್ಮ ತಾತ ಕೊಳ್ಳೇಗಾಲದ ಬಯಲಿನ ಒಂದು ಊರಲ್ಲಿ ಜೀತಕ್ಕಿದ್ದವನು. ಅವರಪ್ಪ ಮಾಡಿದ ಸಾಲಕ್ಕೆ ಚಿಕ್ಕಂದಿನಲ್ಲೇ ಒಡೆಯರ ಮನೆಯ ದನ ಕಾಯಲು ಸೇರಿ, ಮದುವೆಯಾಗಿ ಎರಡು ಮಕ್ಕಳಾದರೂ ಅಲ್ಲೇ ಇದ್ದ. ದಿನಕ್ಕೆ ನೂರು ಸಲ ‘ಬುದ್ಧೀ’ ಅನ್ನಬೇಕಿತ್ತು ಎಂದು ಹೇಳುತ್ತಿದ್ದ. ಕರೆದರೆ ‘ಬುದ್ಧೀ’, ಬೈದರೆ ‘ಬುದ್ಧೀ’, ಹೊಡೆದರೂ ‘ಬುದ್ಧೀ’. ಅರವತ್ತರ ದಶಕದ ಕೊನೆಯಲ್ಲಿ ಒಂದು ರಾತ್ರಿ ಅಜ್ಜಿಯನ್ನೂ ಮಕ್ಕಳನ್ನೂ ಒಂದು ಒರಳುಕಲ್ಲನ್ನೂ ಕರೆದುಕೊಂಡು (ಅಜ್ಜಿ ಒರಳುಕಲ್ಲಿನ ಬಗ್ಗೆಯೂ ಮನುಷ್ಯರ ಹಾಗೆಯೇ ಮಾತಾಡುತ್ತಾಳೆ) ಲೊಕ್ಕನಹಳ್ಳಿ ಕಡೆಯ ಕಾಡಂಚಿಗೆ ಬಂದ. ನಮ್ಮ ಕೇರಿಯವರೇ ಇನ್ನು ನಾಲ್ಕು ಮನೆ ಜೊತೆಗೆ ಬಂದವು. ಮುಳ್ಳು ಕಡಿದು, ಬುಡ ಕಿತ್ತು, ಬೆಂಕಿ ಇಟ್ಟು ರಾಗಿ ಚೆಲ್ಲಿದರು. ಮೊದಲನೆಯ ವರ್ಷ ಹಂದಿ ತಿಂದವು, ಎರಡನೆಯ ವರ್ಷ ಆನೆ. ಮೂರನೆಯ ವರ್ಷ ನಾಲ್ಕು ಮೂಟೆ ಆಯಿತು. ಬಗರ್ ಹುಕುಂನಲ್ಲಿ ಸಾಗುವಳಿ ಚೀಟಿ ಕೈಗೆ ಬರುವ ಹೊತ್ತಿಗೆ ತೊಂಬತ್ತರ ದಶಕ. ಆ ಚೀಟಿಗೆ ಪ್ಲಾಸ್ಟಿಕ್ ಹಾಕಿಸಿ ಅಂಬೇಡ್ಕರ್ ಫೋಟೊ ಮತ್ತು ಮಾದಪ್ಪನ ಫೋಟೊಗಳ ನಡುವೆ ತಾತ ಇಟ್ಟಿದ್ದ. ಆ ನೆಲದಲ್ಲಿ ಯಾರಿಗೂ ‘ಬುದ್ಧೀ’ ಅನ್ನಬೇಕಿರಲಿಲ್ಲ. ನಾನು ಓದಿದ್ದು ಆ ರಾಗಿಯಿಂದ.

ಈ ಕಥೆಯನ್ನು ತಾತ ಪ್ರತಿ ಸಲವೂ ಒಂದೇ ರೀತಿ ಶುರು ಮಾಡುತ್ತಿದ್ದ: ‘ಅಲ್ಲಿ ಯಾರೂ ಇರ್ನಿಲ್ಲ ಕನ ಮಗ. ಬರೀ ಕಾಡು. ಸೋಲಿಗ್ರು ಇದ್ರು, ಅಷ್ಟೇ.’

ತಾತ ತೀರಿಕೊಂಡ ಮೇಲೆ ಜಮೀನು ಭಾಗವಾಗಬೇಕಾಯಿತು. ಚಿಕ್ಕಪ್ಪ ಪೋಡಿಗೆ ಅರ್ಜಿ ಹಾಕಲು ಓಡಾಡುತ್ತಿದ್ದರು. ಪೋಡಿ ಎಂದರೆ ಏನೆಂದು ಹಳ್ಳಿಯವರಿಗೆ ಹೇಳಬೇಕಿಲ್ಲ, ಪೇಟೆಯವರಿಗೆ ಹೇಳುವುದಾದರೆ, ಒಂದೇ ಸರ್ವೆ ನಂಬರಿನ ಜಮೀನನ್ನು ಅಳೆದು ಹಿಸ್ಸೆ ಹಿಸ್ಸೆಯಾಗಿ ಒಡೆಯುವುದು. ನಮ್ಮ ದೊಡ್ಡ ಹೊಲಕ್ಕೆ ಮನೆಯಲ್ಲಿ ಎಲ್ಲರೂ ಅನ್ನುತ್ತಿದ್ದುದು ‘ಪೋಡಿನ್ ಹೊಲ’ ಎಂದು. ಚಿಕ್ಕಂದಿನಿಂದಲೂ ಅದು ‘ಪೋಡಿಯ ಹೊಲ’, ಯಾವಾಗಲೋ ಸರ್ವೆ ಆದದ್ದು ಎಂದುಕೊಂಡಿದ್ದೆ. ‘ಪೋಡಿನ್ ಹೊಲಕ್ಕೇ ಇನ್ನೂ ಪೋಡಿ ಆಗಿಲ್ವಲ್ಲ’ ಎಂದು ತಮಾಷೆ ಮಾಡಿದೆ. ಅಜ್ಜಿ ನಗಲಿಲ್ಲ. ‘ಪೋಡಿ ಅಲ್ಲ ಕನೋ, ಪೋಡು. ಸೋಲಿಗ್ರ ಪೋಡು ಇತ್ತಲ್ಲ ಅಲ್ಲಿ’ ಎಂದಳು. ಪೋಡು ಎಂದರೆ ಸೋಲಿಗರ ಹಾಡಿ.

ಎಷ್ಟು ಮನೆ ಎಂದೆ. ಏಳೋ ಎಂಟೋ ಎಂದಳು. ನೀರಿನ ಒರತೆ ತೋರಿಸಿದ್ದು ಅವರೇ ಎಂದಳು. ಯಾವ ಗೆಣಸು ತಿನ್ನಬಹುದು, ಯಾವುದು ಬಾಯಿ ತುರಿಸುತ್ತದೆ, ಆನೆ ಯಾವ ಕಡೆಯಿಂದ ಇಳಿಯುತ್ತದೆ, ಎಲ್ಲ ಅವರೇ ಹೇಳಿಕೊಟ್ಟದ್ದು. ಆಮೇಲೆ ಎಲ್ಲಿ ಹೋದರು ಎಂದೆ.

‘ಮ್ಯಾಲಕ್ಕೋದ್ರು.’

ಯಾಕೆ?

‘ನಾವು ಬಂದ್ವಲ್ಲ.’

ಅಜ್ಜಿ ಇದನ್ನು ತಪ್ಪೊಪ್ಪಿಗೆಯ ಹಾಗೆ ಹೇಳಲಿಲ್ಲ. ಮಳೆ ಬಂತು, ಬಟ್ಟೆ ಒಳಗೆ ತಂದೆ ಎಂಬಷ್ಟೇ ಸಲೀಸಾಗಿ ಹೇಳಿ ಅಡಿಕೆ ಹುಡುಕತೊಡಗಿದಳು.

ಇಷ್ಟು ಕೇಳಿಸಿಕೊಂಡು ಮೈಸೂರಿಗೆ ಮರಳಿದ ಮೇಲೆ ನನ್ನ ಅಧ್ಯಯನದ ಪುಸ್ತಕಗಳು ಮೊದಲಿನಂತೆ ಓದಿಸಿಕೊಳ್ಳಲಿಲ್ಲ. ಲಿಂಕನ್ ಉದಾಹರಣೆ ತೆಗೆದುಕೊಳ್ಳುತ್ತೇನೆ. ನಾನು ಓದಿದ ಪ್ರೌಢಶಾಲೆಯ ಗೋಡೆಯಲ್ಲಿ ಲಿಂಕನ್ ತನ್ನ ಮಗನ ಶಿಕ್ಷಕರಿಗೆ ಬರೆದ ಪತ್ರ ಎಂದು ಒಂದು ಫ್ರೇಮ್ ತೂಗುಹಾಕಿದ್ದರು. ಕರ್ನಾಟಕದ ಎಷ್ಟು ಶಾಲೆಗಳಲ್ಲಿ ಅದಿದೆಯೋ. ಆ ಪತ್ರವನ್ನು ಲಿಂಕನ್ ಬರೆದದ್ದಕ್ಕೆ ಯಾವ ಆಧಾರವೂ ಇಲ್ಲ ಎಂದು ತಿಳಿದದ್ದು ಎಂ.ಎ.ಗೆ ಬಂದ ಮೇಲೆ. ಅದು ಹೋಗಲಿ, ಸಣ್ಣ ವಿಷಯ. ಮರದ ದಿಮ್ಮಿಯ ಮನೆಯಲ್ಲಿ ಹುಟ್ಟಿ ಅಧ್ಯಕ್ಷನಾದವನು ಎಂಬುದು ಸುಳ್ಳಲ್ಲವಲ್ಲ. ಅದೇ ಲಿಂಕನ್ 1862ರಲ್ಲಿ ಹೋಮ್‌ಸ್ಟೆಡ್ ಕಾಯಿದೆಗೆ ಸಹಿ ಹಾಕಿದರು. 160 ಎಕರೆ ನೆಲ, ಐದು ವರ್ಷ ಅಲ್ಲೇ ಇದ್ದು ಉತ್ತು ತೋರಿಸಿದರೆ ನಿನ್ನದು. ನಮ್ಮ ಬಗರ್ ಹುಕುಂನ ಅಣ್ಣ ಎನ್ನಬಹುದು. ಯೂರೋಪಿನ ಜೀತಗಾರರು, ಬಡ ರೈತರು ಹಡಗು ಹತ್ತಿ ಬಂದು ಆ ನೆಲದಲ್ಲಿ ತಲೆಯೆತ್ತಿ ನಿಂತರು. ಅದೇ ವರ್ಷದ ಡಿಸೆಂಬರಿನಲ್ಲಿ ಮಿನೆಸೋಟದ ಮ್ಯಾನ್‌ಕೇಟೊ ಎಂಬಲ್ಲಿ, ನೆಲ ಕಳೆದುಕೊಂಡು ಹಸಿದು ದಂಗೆಯೆದ್ದ ಡಕೋಟ ಜನರ ಪೈಕಿ 38 ಮಂದಿಯನ್ನು ಒಂದೇ ದಿನ ಗಲ್ಲಿಗೇರಿಸಲಾಯಿತು. ಆದೇಶಕ್ಕೆ ಸಹಿ ಲಿಂಕನ್ನರದೇ. ನ್ಯಾಯವಾಗಿ ಹೇಳಬೇಕೆಂದರೆ ಸೇನೆ ಮರಣದಂಡನೆ ವಿಧಿಸಿದ್ದು ಮುನ್ನೂರಕ್ಕೂ ಹೆಚ್ಚು ಜನಕ್ಕೆ, ಹೆಚ್ಚಿನವರನ್ನು ಉಳಿಸಿದ್ದೂ ಲಿಂಕನ್ನರೇ. ಒಂದೇ ವರ್ಷ, ಒಂದೇ ಕೈ. ನೆಲ ಕೊಟ್ಟ ಸಹಿಗೂ ಗಲ್ಲಿಗೇರಿಸಿದ ಸಹಿಗೂ ಸಂಬಂಧವಿಲ್ಲ ಎಂದು ಹೇಳಲು ಬರುವುದಿಲ್ಲ.

ಸಿನಿಮಾಗಳಲ್ಲಿ ಈ ಸಂಬಂಧ ಇನ್ನೂ ನಾಜೂಕಾಗಿ ಮರೆಯಾಗುತ್ತದೆ. ‘ಶೇನ್’ (1953) ನನಗೆ ಬಹಳ ಇಷ್ಟದ ಚಿತ್ರ, ಹಾಸ್ಟೆಲಿನಲ್ಲಿ ಮೂರು ಸಲ ನೋಡಿದ್ದೇನೆ. ವಯೋಮಿಂಗಿನ ಕಣಿವೆಯಲ್ಲಿ ನೆಲೆಸಿದ ಸಣ್ಣ ರೈತರನ್ನು ದೊಡ್ಡ ದನಗಾರ ಓಡಿಸಲು ನೋಡುತ್ತಾನೆ. ಎಲ್ಲಿಂದಲೋ ಬಂದ ಬಂದೂಕುಗಾರ ರೈತರ ಪರ ನಿಲ್ಲುತ್ತಾನೆ. ನಮ್ಮ ತಾತನಿಗೆ ತೋರಿಸಿದ್ದರೆ ಚಪ್ಪಾಳೆ ತಟ್ಟುತ್ತಿದ್ದ. ಆ ಚಿತ್ರದಲ್ಲಿ ದನಗಾರ ತನ್ನ ಹಕ್ಕನ್ನು ಸಾಧಿಸಲು ಹೇಳುವುದು, ಈ ನಾಡನ್ನು ಮಾಡಿದ್ದು ನಾವು, ನನ್ನ ಭುಜದಲ್ಲಿ ಶಯೆನ್ ಬಾಣದ ಗಾಯ ಇನ್ನೂ ಇದೆ ಎಂದು. ಜಗಳ ಮೊದಲು ಬಂದವನಿಗೂ ಆಮೇಲೆ ಬಂದವನಿಗೂ. ಅವರಿಬ್ಬರಿಗೂ ಮೊದಲು ಇದ್ದವರು ಎರಡು ಗಂಟೆಯ ಚಿತ್ರದಲ್ಲಿ ಒಂದು ಹಳೆಯ ಗಾಯವಾಗಿ ಮಾತ್ರ ಇದ್ದಾರೆ. ಮೂರನೇ ಸಲ ನೋಡುವಾಗ ನನಗೆ ಅದು ಕಂಡದ್ದು. ಎರಡು ಸಲ ಕಂಡಿರಲಿಲ್ಲ ಎಂಬುದನ್ನೂ ಬರೆದಿಡಬೇಕು.

ಲಾರಾ ಪುಸ್ತಕದ ಹುಲ್ಲುಗಾವಲು ಯಾರದಾಗಿತ್ತು? ಓಸೇಜ್ ಜನರದು. ಆ ಪುಟ್ಟ ಮನೆ ನಿಂತಿದ್ದು ಕಾನೂನಿನ ಲೆಕ್ಕದಲ್ಲೂ ಅವರ ನೆಲದ ಮೇಲೆಯೇ. 1870ರ ದಶಕದ ಶುರುವಿಗೆ ಓಸೇಜರು ಕಾನ್ಸಾಸ್ ಬಿಟ್ಟು ಈಗಿನ ಒಕ್ಲಹಾಮಾಕ್ಕೆ ಹೋಗಬೇಕಾಯಿತು, ಅಜ್ಜಿಯ ಮಾತಿನಲ್ಲಿ ‘ಮ್ಯಾಲಕ್ಕೋದ್ರು’. ಯಾರಿಗೂ ಬೇಡವಾದ ಕಲ್ಲುನೆಲ ಎಂದು ಅಲ್ಲಿ ದುಡ್ಡು ಕೊಟ್ಟು ಕೊಂಡರು. ಅದರಡಿಯಲ್ಲಿ ಎಣ್ಣೆ ಸಿಕ್ಕಿತು. ಆ ಎಣ್ಣೆಯ ಪಾಲಿಗಾಗಿ 1920ರ ದಶಕದಲ್ಲಿ ಅವರನ್ನು ಒಬ್ಬೊಬ್ಬರಾಗಿ ಕೊಂದ ಕಥೆಯೇ ಡೇವಿಡ್ ಗ್ರ್ಯಾನ್ ಪುಸ್ತಕ, ಮಾರ್ಟಿನ್ ಸ್ಕೋರ್ಸೆಸಿಯ 2023ರ ಚಿತ್ರ ‘ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್’. ಮಕ್ಕಳ ಪುಸ್ತಕದ ಅಂಚಿನಲ್ಲಿ ಕುದುರೆಗಳ ಮೇಲೆ ಸಾಲಾಗಿ ಹೋದವರು ಮತ್ತು ಈ ಸಿನಿಮಾದಲ್ಲಿ ವಿಷ ತಿಂದು ಸಾಯುವವರು ಒಂದೇ ಜನ. ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿರುವುದರಿಂದ ನಾವು ಕೂಡಿಸಿ ಓದುವುದಿಲ್ಲ.

ಖಾಲಿ ನೆಲದ ಈ ಕಲ್ಪನೆಗೆ ಇನ್ನೊಂದು ಮುಖವಿದೆ, ಅದು ಬಿಳಿಗಿರಿರಂಗನ ಬೆಟ್ಟಕ್ಕೆ ನೇರವಾಗಿ ಬಂದು ಮುಟ್ಟುತ್ತದೆ. ಉಳುವ ನೆಲವೆಲ್ಲ ತುಂಬಿದ ಮೇಲೆ ಅಮೆರಿಕಕ್ಕೆ ಉಳದ ನೆಲದ ಮೇಲೆ ಮೋಹ ಬಂತು. ಮನುಷ್ಯರ ಕೈ ಸೋಕದ ಕಾಡು, ದೇವರು ಬಿಟ್ಟ ಹಾಗೆಯೇ ಇರುವ ಬೆಟ್ಟ. 1872ರಲ್ಲಿ ಯೆಲ್ಲೊಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಯೊಸೆಮಿಟಿ ಕಣಿವೆಯಿಂದ ಅಲ್ಲಿನ ಮೂಲನಿವಾಸಿಗಳನ್ನು 1851ರಲ್ಲೇ ಸೈನಿಕರು ಬೆನ್ನಟ್ಟಿದ್ದರು. ಜನರನ್ನು ಹೊರಗೆ ಕಳಿಸಿದ ಮೇಲೆ ತೆಗೆದ ಫೋಟೊಗಳಲ್ಲಿ ಜನ ಇಲ್ಲದಿರುವುದು ಸಹಜ. ಆ ಫೋಟೊಗಳೇ ಆಮೇಲೆ ‘ಕಾಡು ಎಂದರೆ ಹೀಗಿರಬೇಕು’ ಎಂಬುದಕ್ಕೆ ಮಾದರಿಯಾದವು. ರಾಮಚಂದ್ರ ಗುಹಾ 1989ರಲ್ಲೇ ಈ ಮಾದರಿಯನ್ನು ನಮ್ಮಂಥ ದೇಶಗಳಿಗೆ ತಂದು ಹೊದಿಸುವುದನ್ನು ಪ್ರಶ್ನಿಸಿದ್ದರು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದಾಗ ಸೋಲಿಗರ ಬೇಸಾಯ, ಬೇಟೆ ನಿಂತವು. ಚದುರಿದ್ದ ಪೋಡುಗಳನ್ನು ತಂದು ಕಾಲೋನಿಗಳಲ್ಲಿ ಸೇರಿಸಿದರು. ಬೆಟ್ಟದ ಕಾಫಿ ತೋಟಗಳು ಇದ್ದಲ್ಲೇ ಉಳಿದವು. ತೋಟಕ್ಕೆ ಕಾಗದವಿತ್ತು, ಪೋಡಿಗೆ ಇರಲಿಲ್ಲ.

ಆದರೆ ಆ ಬೆಟ್ಟದಷ್ಟು ಹೆಸರುಗಳಿಂದ ತುಂಬಿದ ಜಾಗ ನಾನು ಇನ್ನೊಂದು ಕಂಡಿಲ್ಲ. ಸೋಲಿಗರ ಪ್ರತಿ ಕುಲಕ್ಕೂ ಒಂದು ‘ಎಲ್ಲೆ’ ಇದೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಸಂಶೋಧಕರು ಸೋಲಿಗರ ಜೊತೆ ನಡೆದು ಗುರುತು ಹಾಕಿದಾಗ ಇಂಥ ತಾಣಗಳು ನಾನೂರಕ್ಕೂ ಮಿಕ್ಕಿ ಸಿಕ್ಕಿವೆ. ದೊಡ್ಡ ಸಂಪಿಗೆ ಮರ ಅವರಿಗೆ ದೇವರು. ಬೆಟ್ಟದ ರಂಗನಾಥ ಅವರ ಮನೆಯ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ‘ರಂಗ ಭಾವ’. ದೇವರನ್ನು ಭಾವ ಎಂದು ಗೇಲಿ ಮಾಡುವವರು ಇರುವ ಕಾಡನ್ನು ನಿರ್ಜನ ಎಂದು ಕರೆಯಲು ಎಷ್ಟು ದೂರದಿಂದ ನೋಡಬೇಕೋ. ವರ್ಷದ ಮೊದಲಲ್ಲಿ ಸೋಲಿಗರು ಒಣಗಿದ ಎಲೆಗೆ ಹಾಕುತ್ತಿದ್ದ ತರಗು ಬೆಂಕಿಯನ್ನು ಇಲಾಖೆ ನಿಲ್ಲಿಸಿತು. ಬೆಂಕಿ ನಿಂತ ಮೇಲೆಯೇ ಲಂಟಾನ ಹೀಗೆ ಹಬ್ಬಿತು, ನೆಲ್ಲಿ ಮರಗಳಿಗೆ ಉಪ್ಪಿಲು ಹತ್ತಿತು ಎಂದು ಸೋಲಿಗರು ಹೇಳುತ್ತಾರೆ. ಲಂಟಾನದ ತವರು ಕೂಡ ಅಮೆರಿಕ ಖಂಡವೇ. (ದಕ್ಷಿಣ ಮತ್ತು ಮಧ್ಯ ಅಮೆರಿಕ, ತಂದು ನೆಟ್ಟವರು ಬ್ರಿಟಿಷರು. ಎಲ್ಲವನ್ನೂ ಅಮೆರಿಕದ ತಲೆಗೆ ಕಟ್ಟುವುದು ಸರಿಯಲ್ಲ.)

ಫ್ರಾಂಟಿಯರ್ ಎಂಬ ಪದಕ್ಕೆ ಕನ್ನಡದಲ್ಲಿ ಏನು ಹಾಕುವುದು ಎಂದು ನಾನು ಒಂದು ವರ್ಷ ತಲೆ ಕೆಡಿಸಿಕೊಂಡಿದ್ದೆ. ಗಡಿ ಎಂದರೆ ಈ ಕಡೆ ತಮಿಳುನಾಡು ನೆನಪಾಗುತ್ತದೆ. ಕೊಳ್ಳೇಗಾಲವೇ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿ ಮದ್ರಾಸಿನ ಕಡೆ ಇತ್ತು. ಎಲ್ಲೆ ಎಂದರೆ ಸೋಲಿಗರದು. ಕೊನೆಗೆ ಹೊಳೆದದ್ದು ಸರ್ಕಾರಿ ಕಡತಗಳಲ್ಲೂ ಪೇಪರುಗಳಲ್ಲೂ ದಿನಾ ಕಾಣುವ ‘ಕಾಡಂಚು’. ನಮ್ಮೂರು ಕಾಡಂಚಿನ ಗ್ರಾಮ. ಊರಿಂದ ನೋಡಿದರೆ ಅದು ಕಾಡಿನ ಅಂಚು. ಒಳಗಿಂದ ನೋಡಿದವನಿಗೆ ಅದೇ ಜಾಗ ಊರಿನ ಅಂಚು. ಆ ಪದ ನಮ್ಮ ಕಡತದಲ್ಲಿಲ್ಲ.

ಇದನ್ನೆಲ್ಲ ಒಂದು ಸೆಮಿನಾರಿನಲ್ಲಿ ಮಂಡಿಸಿದಾಗ ಎರಡು ರೀತಿಯ ಪ್ರತಿಕ್ರಿಯೆ ಬಂತು. ಒಂದು, ಅಮೆರಿಕದ ಆದರ್ಶಗಳೆಲ್ಲ ಬೂಟಾಟಿಕೆ, ಹರಿದು ಬಿಸಾಡಿ ಎಂಬುದು. ಎಲ್ಲರೂ ಸಮಾನರು ಎಂದ 1776ರ ಘೋಷಣೆಯೇ ಮೂಲನಿವಾಸಿಗಳನ್ನು ದಯೆಯಿಲ್ಲದ ಕಾಡುಜನರೆಂದು ಕರೆದಿದೆ, ಹೌದು. ಆದರೆ ಬೂಟಾಟಿಕೆ ಎಂದುಬಿಟ್ಟರೆ ನಮ್ಮ ತಾತನ ಚೀಟಿಯನ್ನು ಏನೆನ್ನಬೇಕು? ಆ ನೆಲದಲ್ಲಿ ಅವನ ಬೆನ್ನು ನೇರವಾದದ್ದು ನಾಟಕವಲ್ಲ. ಸೆಮಿನಾರ್ ಹಾಲಿನಲ್ಲಿ ಆದರ್ಶಗಳನ್ನು ಹರಿಯುವವರಿಗೆ ಹೆಚ್ಚಾಗಿ ಅವುಗಳ ಅಗತ್ಯ ಬಿದ್ದಿರುವುದಿಲ್ಲ.

ಎರಡನೆಯದು ಹೆಚ್ಚು ಗಟ್ಟಿಯಾದ ಉತ್ತರ, ನಾನೂ ಬಹುಕಾಲ ನಂಬಿದ್ದದ್ದು. ಆದರ್ಶ ತಪ್ಪಲ್ಲ, ಅದು ಎಲ್ಲರಿಗೂ ತಲುಪಿಲ್ಲ, ತಲುಪಿಸಬೇಕು ಎಂಬುದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1852ರಲ್ಲಿ ನಿಮ್ಮ ಸ್ವಾತಂತ್ರ್ಯೋತ್ಸವ ನನಗೇನು ಎಂದು ಕೇಳಿದ್ದು ಆ ಘೋಷಣೆಯನ್ನು ಸುಡಲಿಕ್ಕಲ್ಲ, ಅದರ ಮಾತಿಗೆ ಅವರನ್ನು ಕಟ್ಟಿಹಾಕಲಿಕ್ಕೆ. ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಅದನ್ನು ದೇಶ ಕೊಟ್ಟು ನಗದಾಗದ ಚೆಕ್ಕಿಗೆ ಹೋಲಿಸಿದರು. 1913ರಲ್ಲಿ ಕೊಲಂಬಿಯಾಕ್ಕೆ ಹೋಗಿ ಓದಿಬಂದ ಬಾಬಾಸಾಹೇಬರು ಸಂವಿಧಾನ ಸಭೆಯ ಕೊನೆಯ ಭಾಷಣದಲ್ಲಿ ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯವನ್ನು ಎತ್ತಿ ತೋರಿಸಿದ್ದೂ ಇದೇ ದಾರಿ: ಕೊಟ್ಟ ಮಾತನ್ನು ಪೂರ್ತಿ ಮಾಡಿ. ನಮ್ಮ ಮನೆಯ ರಾಜಕೀಯವೆಲ್ಲ ಇದೇ. ಪಾಲು ಕೊಡಿ.

ಆದರೆ ಡಕೋಟ ಸಮುದಾಯದ ಲೇಖಕ ವೈನ್ ಡೆಲೊರಿಯಾ 1969ರ ತಮ್ಮ ‘ಕಸ್ಟರ್ ಡೈಡ್ ಫಾರ್ ಯುವರ್ ಸಿನ್ಸ್’ ಪುಸ್ತಕದಲ್ಲಿ ಕರಿಯರ ಬೇಡಿಕೆಯೂ ಮೂಲನಿವಾಸಿಗಳ ಬೇಡಿಕೆಯೂ ಒಂದೇ ಅಲ್ಲ ಎಂದು ವಾದಿಸುತ್ತಾರೆ. ಅದನ್ನು ಓದಿ ನಾನು ನನ್ನ ಮಾತಿನಲ್ಲಿ ಹೀಗೆ ಅರ್ಥ ಮಾಡಿಕೊಂಡೆ. ಕಿಂಗ್ ಹಿಡಿದಿದ್ದ ಚೆಕ್ಕು ನಗದಾಗಬೇಕು, ಅದು ನ್ಯಾಯ. ಆದರೆ ಅದನ್ನು ಬರೆದದ್ದು ಯಾರ ಖಾತೆಯ ಮೇಲೆ? ಮೂಲನಿವಾಸಿ ಸಾಲಿನಲ್ಲಿ ನಿಂತು ತನ್ನ ಪಾಲಿನ ಚೆಕ್ಕು ಕೇಳುತ್ತಿಲ್ಲ, ಆ ಖಾತೆ ನನ್ನದು ಎನ್ನುತ್ತಿದ್ದಾನೆ. ಆದರ್ಶವನ್ನು ಎಷ್ಟು ಅಗಲಿಸಿದರೂ ಈ ಮಾತಿಗೆ ಉತ್ತರವಾಗುವುದಿಲ್ಲ. ಅಗಲಿಸಿದಷ್ಟೂ ಖಾತೆ ಇನ್ನಷ್ಟು ಬರಿದಾಗುತ್ತದೆ.

ನಮ್ಮಲ್ಲಿ ಪರಿಶಿಷ್ಟ ಜಾತಿ-ಪರಿಶಿಷ್ಟ ಪಂಗಡ ಎಂದು ಒಂದೇ ಉಸಿರಿನಲ್ಲಿ ಹೇಳಿ ಅಭ್ಯಾಸ. ನಡುವೆ ಒಂದು ಸಣ್ಣ ಗೆರೆ. ಫೆಲೋಶಿಪ್ ಅರ್ಜಿಯಲ್ಲಿ, ಭಾಷಣದಲ್ಲಿ, ಹೋರಾಟದಲ್ಲಿ ನಾವು ಜೊತೆಗಿದ್ದೇವೆ, ಇರಲೇಬೇಕು. ಆದರೆ ನಮ್ಮ ಪೋಡಿನ ಹೊಲದಲ್ಲಿ ಆ ಗೆರೆ ಒಂದು ಬೇಲಿ. ಒಡೆಯರು ನಮಗೆ ಅನ್ಯಾಯ ಮಾಡಿದರು ಎಂಬ ವಾಕ್ಯದ ಒಳಗೆ ನಾನು ಬೆಳೆದೆ. ಅದು ನಿಜವಾದ ವಾಕ್ಯ, ಅದರ ಒಂದಕ್ಷರವನ್ನೂ ತಿದ್ದುವುದಿಲ್ಲ. ನಾವು ಯಾರಿಗೋ ಏನೋ ಮಾಡಿದೆವು ಎಂಬ ವಾಕ್ಯ ಅದರ ಪಕ್ಕದಲ್ಲಿ ಹೇಗೆ ಕೂರುತ್ತದೆ ಎಂದು ನನಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ನೊಂದವರಿಗೂ ಋಣವಿರುತ್ತದೆಯೇ? ನೋವು ಋಣವನ್ನು ಸೊನ್ನೆ ಮಾಡುವುದಿಲ್ಲ ಎಂದು ಅನ್ನಿಸುತ್ತದೆ. ನಮ್ಮನ್ನು ಬಯಲಿನಿಂದ ಓಡಿಸಿದವರ ಕೈಯಲ್ಲಿ ನೂರಾರು ಎಕರೆ ಗದ್ದೆ ಉಳಿದಿರುವಾಗ ಋಣದ ಲೆಕ್ಕವನ್ನು ನಾಲ್ಕು ಎಕರೆ ಕಲ್ಲುಹೊಲದವನ ಮುಂದೆ ಮೊದಲು ಬಿಚ್ಚುವುದು ಅನ್ಯಾಯ ಎಂದೂ ಅಷ್ಟೇ ಬಲವಾಗಿ ಅನ್ನಿಸುತ್ತದೆ.

ಮಾದಪ್ಪನ ಕಥೆ ಹಾಡುವ ಕಂಸಾಳೆಯವರು ನೆನಪಾಗುತ್ತಾರೆ. ಮಾದೇಶ್ವರನೂ ಹೊರಗಿನಿಂದ ಏಳುಮಲೆಗೆ ಬಂದವನೇ. ಆದರೆ ಅವನು ಬಂದಾಗ ಮಲೆ ಖಾಲಿ ಇರಲಿಲ್ಲ. ಸೋಲಿಗರ ಸಂಕಮ್ಮ ಇದ್ದಳು, ಅವಳನ್ನು ಶಂಕಿಸಿ ಹಿಂಸಿಸಿದ ಗಂಡ ನೀಲೇಗೌಡ ಇದ್ದ, ಅವಳ ಹೊಟ್ಟೆಯಲ್ಲಿ ಮಾದಪ್ಪನ ವರದಿಂದ ಕಾರಯ್ಯ ಬಿಲ್ಲಯ್ಯ ಹುಟ್ಟಿದರು. ಈ ಕಾವ್ಯ ಮುಗ್ಧವಾದದ್ದು ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ದಬ್ಬಾಳಿಕೆಯಿದೆ, ಬಂದವನು ಇದ್ದವರನ್ನು ಒಕ್ಕಲು ಮಾಡಿಕೊಳ್ಳುವುದೇ ಅದರ ಕಥೆ. ಆದರೂ ಇದ್ದವರಿಗೆ ಅಲ್ಲಿ ಹೆಸರಿದೆ, ಸಿಟ್ಟಿದೆ, ಇಡೀ ರಾತ್ರಿ ಹಾಡುವಷ್ಟು ದೊಡ್ಡ ಸಾಲಿದೆ. ತಾತ ಮಾದಪ್ಪನ ಒಕ್ಕಲು. ಸಂಕಮ್ಮನ ಸಾಲು ಕೇಳಿ ಅಳುತ್ತಿದ್ದವನು. ಆ ತಾತನೇ ತನ್ನ ಸ್ವಂತ ಕಥೆ ಹೇಳುವಾಗ ‘ಯಾರೂ ಇರ್ನಿಲ್ಲ’ ಎಂದು ಶುರು ಮಾಡುತ್ತಿದ್ದ. ಇಬ್ಬರೂ ಒಬ್ಬನೇ ಹೇಗಾದ ಎಂದು ಕೇಳಲು ಈಗ ಅವನಿಲ್ಲ.

ಸೋಲಿಗರ ಪಾಲಿಗೆ ಕಥೆ ಅಲ್ಲಿಗೇ ನಿಂತಿಲ್ಲ. 2011ರ ಶುರುವಿನಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಡಿ ಇಪ್ಪತ್ತಕ್ಕೂ ಹೆಚ್ಚು ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಜನರ ಹಕ್ಕನ್ನು ಹೀಗೆ ಕಾಗದದಲ್ಲಿ ಒಪ್ಪಿದ್ದು ದೇಶದಲ್ಲೇ ಮೊದಲು. ಅಮೆರಿಕದ ಮಾದರಿ ನಮ್ಮ ಬೆಟ್ಟದಲ್ಲಿ ಸ್ವಲ್ಪವಾದರೂ ಬಾಗಿದ್ದು ಅಲ್ಲಿ. ಹಾಗೆಂದು ಜನ ಇದ್ದರೆ ಕಾಡು ಕ್ಷೇಮ ಎಂದು ಹಾಡು ಕಟ್ಟುವುದೂ ಬೇಡ. 2025ರ ಜೂನಿನಲ್ಲಿ ನಮ್ಮ ತಾಲ್ಲೂಕಿನ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೊಂದು ನಾಲ್ಕು ಮರಿಗಳ ಸಮೇತ ವಿಷಕ್ಕೆ ಸತ್ತು ಬಿದ್ದಿತ್ತು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದ್ದರು. ಕಾಡಂಚಿನ ಬದುಕು ಎಂಥದೆಂದು ತಿಳಿದವನಾಗಿ ಆ ಸುದ್ದಿ ಓದಿ ನನಗೆ ಅಚ್ಚರಿಯಾಗಲಿಲ್ಲ. ಅಚ್ಚರಿಯಾಗದಿದ್ದಕ್ಕೆ ನಾಚಿಕೆಯಾಯಿತು.

ಈ ಸಲ ಶಿವರಾತ್ರಿಗೆ ಊರಿಗೆ ಹೋಗಿದ್ದಾಗ ಹೊಲದ ಮೂಲೆಯ ಹುಣಸೆ ಮರದ ಹತ್ತಿರ ಅಜ್ಜಿಯ ಜೊತೆ ಹೋದೆ. ಅಲ್ಲಿ ಮೂರು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಹಾಕಿದೆ. ಒಳಗೆ ದುಂಡನೆಯ ಒಂದು ಕಲ್ಲು. ಐವತ್ತು ವರ್ಷದಿಂದ ಹಬ್ಬಕ್ಕೆಲ್ಲ ಅಜ್ಜಿ ಅಲ್ಲಿ ದೀಪ ಹಚ್ಚುತ್ತಾಳೆ, ಮೊದಲ ರಾಗಿಯ ಮುದ್ದೆ ಇಡುತ್ತಾಳೆ. ಯಾವ ದೇವರು ಅಜ್ಜಿ ಇದು ಎಂದು ಕೇಳಿದೆ. ‘ಗೊತ್ತಿಲ್ಲ ಕನ ಮಗ. ನಾವು ಬರಕ್ಕೆ ಮುಂಚಿಂದ್ಲೂ ಇತ್ತು’ ಎಂದಳು.

ಸರ್ವೆಯವರು ಮುಂದಿನ ತಿಂಗಳು ಬರುತ್ತಾರಂತೆ. ಚಿಕ್ಕಪ್ಪ ಹಾಕಿಕೊಂಡ ಲೆಕ್ಕದ ಪ್ರಕಾರ ಹಿಸ್ಸೆಯ ಗೆರೆ ಸರಿಯಾಗಿ ಆ ಹುಣಸೆ ಮರದ ಮೇಲೆ ಹಾಯುತ್ತದೆ. ಕಲ್ಲನ್ನು ಯಾರ ಭಾಗಕ್ಕೆ ಹಾಕಬೇಕು ಎಂದು ನನ್ನನ್ನು ಕೇಳಿದರು, ಮನೆಯಲ್ಲಿ ಓದಿದವನು ನಾನೇ ಎಂದು. ಬೆಟ್ಟದ ಮೇಲಿನ ಪೋಡಿಗೆ ಒಂದು ಸಲ ಹೋಗಿ, ಅಲ್ಲಿ ವಯಸ್ಸಾದವರು ಯಾರಾದರೂ ಇದ್ದರೆ ಕೇಳಿಕೊಂಡು ಬರುತ್ತೇನೆ, ಅಲ್ಲಿಯವರೆಗೆ ಅಳತೆ ಮಾಡಿಸಬೇಡಿ ಎಂದೆ. ಚಿಕ್ಕಪ್ಪ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ‘ಕೇಳಿದ ಮೇಲೆ ಅವರು ಹೊಲಾನೇ ಕೇಳಿದ್ರೆ ಏನ್ ಹೇಳ್ತೀಯ?’ ಎಂದರು.